ಉಡುಪು ಯಾರ ಇಚ್ಛೆ?

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ನಮ್ಮಲ್ಲಿ ಒಂದು ಗಾದೆಯುಂಟು. ನಾಲಗೆಗೆ ಬೇಕಾದುದನ್ನು ತಿನ್ನುವ ಸ್ವಾತಂತ್ರ್ಯ ನಮಗಿದೆ. ಮೈಮೇಲಿನ ಬಟ್ಟೆಯನ್ನು ಮಾತ್ರ ನೋಡುವವರ ಕಣ್ಣಿಗೆ ಒಪ್ಪುವಂತೆ ತೊಡಬೇಕು ಎಂಬುದು ಇದರ ತಾತ್ಪರ್ಯ. ಗಾದೆ ವೇದಕ್ಕೆ ಸಮಾನವೆನ್ನುತ್ತಾರೆ. ಆದರೂ ಈ ಗಾದೆಯ ಉತ್ತರಾರ್ಧವನ್ನು ಪೂರ್ತಿಯಾಗಿ ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ನೋಡುವ ಪರರು ಒಬ್ಬರೇ, ಇಬ್ಬರೇ? ಅವರ ಇಚ್ಛೆ ಇಂದಿದ್ದಂತೆ ನಾಳೆ ಇರುವುದಿಲ್ಲ. ದೊಗಲೆ ಷರಾಯಿ ಹೋಗಿ ಬಿಗಿ ಷರಾಯಿ ಬಂತು. ಬಿಗಿ ಹೋಗಿ ಮತ್ತೆ ದೊಗಲೆ ಬಂತು. ಅದರ ಹಿಂದೆ ಓಡುವವನಿಗೆ ಓಟವೇ ಉಳಿಯುತ್ತದೆ, ಉಡುಪು ಉಳಿಯುವುದಿಲ್ಲ.

ನಾನು ಕನ್ನಡ ಪಾಠ ಹೇಳುವವನು. ದರ್ಜಿಯ ಶಾಸ್ತ್ರ ತಿಳಿದವನಲ್ಲ. ಆದರೆ 'ಶೈಲಿ' ಎಂಬ ಮಾತು ತರಗತಿಯಲ್ಲಿ ನನಗೆ ದಿನವೂ ಬೇಕು. ಕವಿಯ ಶೈಲಿ ಎಂದರೆ ಏನು, ಅನುಕರಣೆ ಎಂದರೆ ಏನು ಎಂದು ವಿವರಿಸುವಾಗಲೆಲ್ಲ ನನಗೆ ನೆನಪಾಗುವುದು ಕಾವ್ಯಕ್ಕೆ ಸಂಬಂಧವೇ ಇಲ್ಲದ ಒಂದು ಚರಿತ್ರೆ. ಅದು ಗಾಂಧೀಜಿಯವರ ಉಡುಪಿನ ಚರಿತ್ರೆ. ಮೊಣಕಾಲ ಮೇಲಿನ ತುಂಡು ಪಂಚೆಯಲ್ಲಿ ಅವರನ್ನು ಕಂಡು ನಮ್ಮ ಕಣ್ಣಿಗೆ ಎಷ್ಟು ರೂಢಿಯಾಗಿದೆಯೆಂದರೆ, ಅವರು ಹುಟ್ಟಿದ್ದೇ ಹಾಗೆಂದು ನಾವು ತಿಳಿದಂತಿದೆ. ಆ ಪಂಚೆಗೆ ಬಂದು ಸೇರಲು ಅವರಿಗೆ ಮೂವತ್ತಮೂರು ವರ್ಷ ಬೇಕಾಯಿತು.

1888ರ ಸೆಪ್ಟೆಂಬರಿನ ಕೊನೆಯಲ್ಲಿ ತರುಣ ಮೋಹನದಾಸ ಇಂಗ್ಲೆಂಡಿನ ದಡದಲ್ಲಿ ಇಳಿದಾಗ ಮೈಮೇಲೆ ಇದ್ದುದು ಬಿಳಿಯ ಫ್ಲಾನಲ್ ಸೂಟು. ಇಳಿಯುವ ದಿನಕ್ಕೆಂದೇ ಜೋಪಾನವಾಗಿ ಇಟ್ಟುಕೊಂಡಿದ್ದ ಬಟ್ಟೆ ಅದು. ಸುತ್ತ ನೋಡಿದರೆ ಬಿಳಿ ತೊಟ್ಟವನು ತಾನೊಬ್ಬನೇ! ಆ ನಾಚಿಕೆಯನ್ನು ಅವರು ಆತ್ಮಕಥೆಯಲ್ಲಿ ಬಿಚ್ಚಿ ಹೇಳಿಕೊಂಡಿದ್ದಾರೆ. ಮುಂದೆ ನಡೆದದ್ದು ಇನ್ನೂ ಸ್ವಾರಸ್ಯ. ಮಾಂಸ ತಿನ್ನದ ಈ ಹುಡುಗ ಆಂಗ್ಲ ಸಮಾಜಕ್ಕೆ ಹೊಂದುವುದಿಲ್ಲವೆಂದು ಸ್ನೇಹಿತರೊಬ್ಬರು ಕೊರಗುತ್ತಿದ್ದರು. ಊಟದಲ್ಲಿ ಆದ ಕೊರತೆಯನ್ನು ನೋಟದಲ್ಲಿ ತುಂಬಿಕೊಡುವೆನೆಂದು ಈತ ಹೊರಟ. 19 ಷಿಲಿಂಗು ಕೊಟ್ಟು ಎತ್ತರದ ಹ್ಯಾಟು ಕೊಂಡದ್ದಾಯಿತು. ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡಿನ ಸಂಜೆಯ ಸೂಟು ಹೊಲಿಸಿದ್ದಾಯಿತು. ಊರಿನಿಂದ ಅಣ್ಣ ಗಡಿಯಾರಕ್ಕೆ ಜೋಡೆಳೆಯ ಚಿನ್ನದ ಸರ ಕಳಿಸಿದ. ದಿನವೂ ಹತ್ತು ನಿಮಿಷ ದೊಡ್ಡ ಕನ್ನಡಿಯ ಮುಂದೆ ಟೈ ಕಟ್ಟುವುದು, ಬೈತಲೆ ತೆಗೆಯುವುದು. 3 ಪೌಂಡು ತೆತ್ತು ನೃತ್ಯ ಕಲಿಯಲು ಸೇರಿ, ತಾಳಕ್ಕೆ ಕಾಲು ಹೊಂದದೆ, ಕಿವಿಗೆ ಪಾಶ್ಚಾತ್ಯ ಸಂಗೀತ ಒಗ್ಗಲೆಂದು ಇನ್ನೂ 3 ಪೌಂಡಿಗೆ ಪಿಟೀಲು ಕೊಂಡರು. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿದ ಕಥೆ ಇದಕ್ಕಿಂತ ಚೆನ್ನಾಗಿ ಎಲ್ಲಿ ದೊರೆತೀತು?

ಈ ಹುಚ್ಚು ಸುಮಾರು ಮೂರು ತಿಂಗಳು ನಡೆಯಿತು. ಆಮೇಲೆ ಒಂದು ದಿನ, ತಾನು ಬಾಳಬೇಕಾದದ್ದು ಇಂಗ್ಲೆಂಡಿನಲ್ಲಲ್ಲ, ತಾನು ಬಂದದ್ದು ಓದಲಿಕ್ಕೆ ಎಂಬ ಸರಳ ಸಂಗತಿ ಹೊಳೆಯಿತು. ನೃತ್ಯ, ಪಿಟೀಲು, ಭಾಷಣದ ಪಾಠ ಎಲ್ಲವೂ ನಿಂತವು. ಗಮನಿಸಬೇಕಾದ ಮಾತೊಂದಿದೆ: ಷೋಕಿ ಹೋಯಿತು, ಓರಣ ಹೋಗಲಿಲ್ಲ. ಅಚ್ಚುಕಟ್ಟಾಗಿ ಉಡುವ ಅಭ್ಯಾಸ ಆಮೇಲೂ ಬಹುಕಾಲ ಉಳಿಯಿತೆಂದು ಅವರೇ ಬರೆದಿದ್ದಾರೆ. ಅನುಕರಣೆಯ ಹೊಟ್ಟು ಹಾರಿಹೋಗಿ ಒಂದು ಹಿಡಿ ಕಾಳು ಮೊರದಲ್ಲಿ ನಿಂತಿತು.

1893ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿಗೆ ಹೋದಾಗ ಅವರ ವೇಷ ನೀಳ ಕೋಟು ಮತ್ತು ಪಾಗು. ಅಲ್ಲಿನ ನ್ಯಾಯಾಲಯದಲ್ಲಿ ಮ್ಯಾಜಿಸ್ಟ್ರೇಟ್ ಪಾಗು ತೆಗೆಯೆಂದ. ಇವರು ಒಲ್ಲೆನೆಂದು ಎದ್ದು ನಡೆದರು. ಇಂಗ್ಲಿಷ್ ಹ್ಯಾಟು ಹಾಕಿಕೊಂಡುಬಿಟ್ಟರೆ ಜಗಳವೇ ಇರುವುದಿಲ್ಲವಲ್ಲ ಎಂಬ ಯೋಚನೆಯೂ ಬಂತು. ಅವರ ಕಕ್ಷಿಗಾರ ಅಬ್ದುಲ್ಲಾ ಸೇಠರು ಒಪ್ಪಲಿಲ್ಲ. ಪಾಗೇ ನಿಮ್ಮ ತಲೆಗೆ ಒಪ್ಪುತ್ತದೆ, ಹ್ಯಾಟು ಹಾಕಿದರೆ ಹೋಟೆಲಿನ ಮಾಣಿಯೆಂದುಕೊಳ್ಳುತ್ತಾರೆ ಎಂದರಂತೆ. ಗಾಂಧಿಯವರು ಪಾಗಿನ ಪರವಾಗಿ ಪತ್ರಿಕೆಗೆ ಬರೆದರು. ಊರಲ್ಲಿ ಚರ್ಚೆಯೂ ನಡೆಯಿತು. ಮರುವರ್ಷ ನಟಾಲಿನ ಸುಪ್ರೀಂ ಕೋರ್ಟಿನಲ್ಲಿ ವಕೀಲರಾಗಿ ದಾಖಲಾದಾಗ ಮುಖ್ಯ ನ್ಯಾಯಾಧೀಶರು ಅದೇ ಪಾಗನ್ನು ತೆಗೆಯಬೇಕೆಂದರು. ಈ ಸಲ ತೆಗೆದರು! ಸ್ನೇಹಿತರಿಗೆ ಬೇಸರವಾಯಿತು. ಇದಕ್ಕಿಂತ ದೊಡ್ಡ ಹೋರಾಟಗಳಿಗೆ ತಮ್ಮ ಶಕ್ತಿಯನ್ನು ಕಾದಿರಿಸಿಕೊಳ್ಳಬೇಕು ಎಂಬುದು ಅವರ ಸಮಾಧಾನ. ಪಾಗು ಹಿಡಿದದ್ದೂ ವಿಚಾರದಿಂದ, ಬಿಟ್ಟದ್ದೂ ವಿಚಾರದಿಂದ. ಲಂಡನ್ನಿನ ಹ್ಯಾಟಿಗೆ ಈ ಭಾಗ್ಯವಿರಲಿಲ್ಲ.

ಮುಂದಿನ ಹೆಜ್ಜೆಗಳು ಬೇಗಬೇಗ ಬಿದ್ದವು. 1913ರಲ್ಲಿ ಗುಂಡೇಟಿಗೆ ಬಲಿಯಾದ ಕೂಲಿಗಳ ಶೋಕದಲ್ಲಿ ಮೀಸೆ ಬೋಳಿಸಿ ಅವರಂತೆಯೇ ಉಟ್ಟರು. 1915ರಲ್ಲಿ ಮುಂಬಯಿಗೆ ಮರಳಿದಾಗ ಕಾಠಿಯಾವಾಡದ ಪೋಷಾಕು. 1921ರಲ್ಲಿ ವಿದೇಶಿ ಬಟ್ಟೆಯನ್ನು ಬಿಡಿರೆಂದು ಜನರಿಗೆ ಹೇಳುತ್ತಿದ್ದಾಗ, ಖಾದಿ ಕೊಳ್ಳಲು ನಮ್ಮಲ್ಲಿ ದುಡ್ಡೆಲ್ಲಿದೆ ಎಂದು ಬಡವರು ಕೇಳಿದರು. ತುಂಡು ಬಟ್ಟೆಯಲ್ಲಿ ತೃಪ್ತರಾಗಿರಿ ಎನ್ನಬೇಕಾದರೆ ತಾವು ಮೊದಲು ಹಾಗಿರಬೇಕಷ್ಟೆ. ಸೆಪ್ಟೆಂಬರ್ 22ರಂದು ಮದುರೆಯಲ್ಲಿ ಅಂಗಿ ಟೋಪಿಗಳನ್ನು ಕಳಚಿದರು. ಅಕ್ಟೋಬರ್ ಕೊನೆಯವರೆಗಾದರೂ ಹೀಗಿರುವೆನೆಂದು ಮೊದಲು ಹೇಳಿದ್ದು ಜೀವಮಾನದ ಉಡುಪೇ ಆಯಿತು. ಅದೇ ಪ್ರಕಟಣೆಯಲ್ಲಿ ಅವರು ಸೇರಿಸಿದ್ದ ಇನ್ನೊಂದು ಮಾತನ್ನು ನಾವು ಮರೆತಿದ್ದೇವೆ: ತಮ್ಮ ಕೆಲಸಕ್ಕೆ ಅಗತ್ಯವೆಂದು ಕಂಡರೆ ಹೊರತು ಸಹೋದ್ಯೋಗಿಗಳು ಇದನ್ನು ಅನುಸರಿಸಬೇಕಾಗಿಲ್ಲ ಎಂಬ ಮಾತು.

ಜನ ಅನುಸರಿಸದೆ ಬಿಡುತ್ತಾರೆಯೆ? ಪಂಚೆ ಕಷ್ಟ, ಟೋಪಿ ಸುಲಭ, ಟೋಪಿಯನ್ನು ಹಿಡಿದರು. 'ಗಾಂಧಿ ಟೋಪಿ' ಎಂದು ಹೆಸರಾದ ಆ ಬಿಳಿಯ ಟೋಪಿಯನ್ನು ಗಾಂಧೀಜಿ ಧರಿಸಿದ್ದು ಒಂದೆರಡು ವರ್ಷ ಮಾತ್ರ. ಉಳಿದವರು ದಶಕಗಳ ಕಾಲ ಧರಿಸಿದರು. ಪೊಲೀಸರ ಲಾಠಿ ಬೀಳುತ್ತಿದ್ದ ದಿನಗಳಲ್ಲಿ ಅದನ್ನು ತೊಟ್ಟವರ ತಲೆಗೆ ನಾನು ಕೈಮುಗಿಯುತ್ತೇನೆ. ಸ್ವರಾಜ್ಯ ಬಂದ ಮೇಲೆ ಅದು ಎಷ್ಟೋ ಮಂದಿಗೆ ಅಧಿಕಾರದ ಬಾಗಿಲು ತೆರೆಯುವ ಬೀಗದ ಕೈಯಾಯಿತು. ಒಬ್ಬನ ಶೈಲಿ ಹತ್ತು ಮಂದಿಯ ಫ್ಯಾಷನ್ ಆಗುವುದು ಹೀಗೆ: ಬಟ್ಟೆ ಕೈಯಿಂದ ಕೈಗೆ ಹೋಗುತ್ತದೆ, ಕಾರಣ ಹಿಂದೆಯೇ ಉಳಿಯುತ್ತದೆ.

ಹಾಗೆಂದು, ಕೋಟು ಕಳಚುವುದೇ ಸ್ವಂತಿಕೆಯೆಂದು ವಿಧಿಸಿದರೆ ಅನ್ಯಾಯವಾದೀತು. 1931ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯಲ್ಲಿ ಎರಡನೆಯ ದುಂಡುಮೇಜಿನ ಪರಿಷತ್ತು ನಡೆದಾಗ ಗಾಂಧೀಜಿ ಪಂಚೆ ಶಾಲುಗಳಲ್ಲಿ ಕುಳಿತಿದ್ದರು, ಡಾ. ಅಂಬೇಡ್ಕರರು ಸೂಟಿನಲ್ಲಿ ಕುಳಿತಿದ್ದರು. ಆ ಸೂಟನ್ನು ಪರರ ಅನುಕರಣೆಯೆಂದು ಹಗುರವಾಗಿ ಆಡುವವರು ನಮ್ಮ ದೇಶದಲ್ಲಿ ಯಾರು ಏನು ಉಡಬಾರದೆಂಬ ಕಟ್ಟಳೆಗಳ ಚರಿತ್ರೆಯನ್ನು ಓದಬೇಕು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೈಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೊಡೆದಾಡಬೇಕಾಯಿತು. 1859ರಲ್ಲಿ ಅಪ್ಪಣೆ ದೊರೆತಾಗಲೂ, ಮೇಲ್ಜಾತಿಯ ಸ್ತ್ರೀಯರಂತೆ ಮಾತ್ರ ತೊಡಬಾರದೆಂಬ ಷರತ್ತು ಇತ್ತು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಅಂಬೇಡ್ಕರರು ಹೆಣ್ಣುಮಕ್ಕಳಿಗೆ ಹೇಳಿದ್ದು ಇದನ್ನೇ: ಮೇಲ್ಜಾತಿಯವರು ಉಡುವಂತೆಯೇ ಸೀರೆ ಉಡಿರಿ, ಜಾತಿಯ ಗುರುತಾದ ಭಾರದ ಒಡವೆಗಳನ್ನು ತೆಗೆದುಹಾಕಿರಿ. ಹೊರಗಿನಿಂದ ನೋಡಿದರೆ ಇದು ಅನುಕರಣೆ. ಒಳಗಿನಿಂದ ನೋಡಿದರೆ ಅಪ್ಪಟ ಸ್ವಂತ ನಿರ್ಧಾರ. ಒಬ್ಬ ಬ್ಯಾರಿಸ್ಟರ್ ಕೋಟು ಕಳಚಿದ, ಇನ್ನೊಬ್ಬ ಬ್ಯಾರಿಸ್ಟರ್ ಕೋಟು ತೊಟ್ಟ. ತ್ಯಾಗ ಮಾಡಬೇಕಾದರೂ ಮೊದಲು ಆ ವಸ್ತು ಕೈಯಲ್ಲಿರಬೇಕಲ್ಲವೆ? ಯಾವುದನ್ನು ಉಟ್ಟರು ಎಂಬುದಕ್ಕಿಂತ ಏಕೆ ಉಟ್ಟರು ಎಂಬುದು ಇಲ್ಲಿ ಮುಖ್ಯ.

ನಮ್ಮ ನಾಡಿನಲ್ಲಿಯೇ ಬೇಕೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರಿದ್ದಾರೆ. ಮೈಗೆ ಪಾಶ್ಚಾತ್ಯ ಸೂಟು, ತಲೆಗೆ ಮೈಸೂರು ಪೇಟ. 1912ರಿಂದ 1918ರವರೆಗೆ ದಿವಾನರಾಗಿದ್ದಾಗಲೂ ಹೀಗೆಯೇ, ನೂರರ ಅಂಚಿನಲ್ಲೂ ಹೀಗೆಯೇ. ಆ ವೇಷವನ್ನು ಆಗ ಅನೇಕ ಅಧಿಕಾರಿಗಳು ತೊಡುತ್ತಿದ್ದರು. ಕಾಲ ಬದಲಾಗಿ ಇತರರ ತಲೆ ಬರಿದಾದ ಮೇಲೂ ಇವರದು ಬರಿದಾಗಲಿಲ್ಲ. ಯಂತ್ರವಿದ್ಯೆ ಪಶ್ಚಿಮದ್ದು, ಅದು ದುಡಿಯಬೇಕಾದ ನೆಲ ಮೈಸೂರಿನದು. ಅವರ ಬಾಳಿನ ಕೆಲಸವನ್ನೇ ಆ ಉಡುಪು ಹೇಳುತ್ತಿತ್ತೆಂದು ನನಗೆ ತೋರುತ್ತದೆ. ಹತ್ತನೆಯ ಶತಮಾನದ ಪಂಪ ದೇಸಿಯನ್ನು ಹೊಕ್ಕು ಅದನ್ನು ಮಾರ್ಗದೊಡನೆ ಬೆರೆಸಬೇಕೆಂದ. ಸಂಸ್ಕೃತವನ್ನು ಅವನು ಬಿಡಲಿಲ್ಲ, ಅದಕ್ಕೆ ದಾಸನೂ ಆಗಲಿಲ್ಲ. ಶೂನ್ಯದಿಂದ ಶೈಲಿ ಹುಟ್ಟುವುದಿಲ್ಲ. ಸಾಲ ತಂದದ್ದನ್ನು ತನ್ನ ಮೈಗೆ ಹೊಂದಿಸಿಕೊಂಡಾಗ ಹುಟ್ಟುತ್ತದೆ.

ಇದನ್ನೆಲ್ಲ ಹೇಳಲು ಕಾರಣವಿದೆ. ಇಂದು ಫ್ಯಾಷನ್ನಿಗೆ ಋತುವೂ ಇಲ್ಲ, ದೂರವೂ ಇಲ್ಲ. ಎಲ್ಲಿಯೋ ಒಬ್ಬ ನಟ ತೊಟ್ಟ ಅಂಗಿ ಸಂಜೆಯೊಳಗೆ ಮೊಬೈಲಿನ ಪರದೆಯ ಮೇಲೆ, ವಾರದೊಳಗೆ ಮನೆಯ ಬಾಗಿಲಿಗೆ. ನನ್ನ ವಿದ್ಯಾರ್ಥಿಗಳ ಮೇಲೆ ನನಗೆ ಕೋಪವಿಲ್ಲ. ಹರಕು ಮೊಣಕಾಲಿನ ಷರಾಯಿಯನ್ನು ಕಂಡು ಹಲುಬುವ ಹಿರಿಯರ ಸಾಲಿಗೆ ನಾನು ಸೇರಿದವನಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಮೂರು ತಿಂಗಳು ಕನ್ನಡಿಯ ಮುಂದೆ ನಿಲ್ಲುವುದು ಮಹಾತ್ಮರಿಗೂ ತಪ್ಪಲಿಲ್ಲ. ನನ್ನ ಆತಂಕ ಬೇರೆ. ತಂದೆತಾಯಿಗಳ ಸಂಬಳ ತಿಂಗಳ ನಡುವೆಯೇ ಮುಗಿಯುವ ಮನೆಗಳಿಂದ ಬಂದ ಹುಡುಗ ಹುಡುಗಿಯರು, ಗೆಳೆಯರಂತೆ ಉಡಲು ಸಾಧ್ಯವಾಗದೆ, ಕೊನೆಯ ಬೆಂಚಿನಲ್ಲಿ ಮುದುರಿ ಕೂಡುವುದನ್ನು ನಾನು ಕಂಡಿದ್ದೇನೆ. ಬಟ್ಟೆಯ ಕೊರತೆಯನ್ನು ತಮ್ಮ ಯೋಗ್ಯತೆಯ ಕೊರತೆಯೆಂದು ಅವರು ಬಗೆಯುತ್ತಾರೆ. ಪರರಿಚ್ಛೆಯ ಬೆಲೆ ತೆರುವವರು ಇವರು.

ಅವರಿಗೆ ಖಾದಿ ಉಡಿರೆಂದಾಗಲಿ ಪೇಟ ಸುತ್ತಿರೆಂದಾಗಲಿ ನಾನು ಹೇಳಲಾರೆ. ಹೇಳಿದರೆ ಅದು ಇನ್ನೊಂದು ಟೋಪಿಯಾದೀತು. ಅಂಗಡಿಯಲ್ಲಿ ಬಟ್ಟೆಗೆ ಕೈಯಿಡುವ ಮುನ್ನ ಇದು ನನ್ನ ಕೆಲಸಕ್ಕೆ, ನನ್ನ ಊರಿನ ಬಿಸಿಲಿಗೆ, ನನ್ನ ಕಿಸೆಗೆ, ನನ್ನ ಮನಸ್ಸಿಗೆ ಹೊಂದುತ್ತದೆಯೆ ಎಂದು ಒಮ್ಮೆ ಕೇಳಿಕೊಳ್ಳಿರೆಂದಷ್ಟೆ ಹೇಳಿಯೇನು. ಹೌದೆಂದು ಉತ್ತರ ಬಂದರೆ, ಎಲ್ಲರೂ ತೊಟ್ಟ ಅಂಗಿಯನ್ನೇ ತೊಟ್ಟರೂ ಅದು ಅವರದೇ. ಇಲ್ಲವೆಂದು ಬಂದರೆ ಹಳೆಯ ಅಂಗಿಯನ್ನು ಒಗೆದು, ಮಡಿಕೆ ಬಿಡಿಸಿ, ತಲೆಯೆತ್ತಿ ಮುಂದಿನ ಬೆಂಚಿನಲ್ಲಿ ಕೂಡಲಿ. ಗಾದೆಯನ್ನು ಅಷ್ಟರ ಮಟ್ಟಿಗೆ ತಿದ್ದಿಕೊಂಡರೆ ಹಿರಿಯರು ಕೋಪಿಸಿಕೊಳ್ಳಲಾರರು.