ಎಡೆದೊರೆ ನಾಡಿನ ಹೊಲಗಳೂ ಭಾರತೀಯ ದೂರಸಂವೇದಿ ಉಪಗ್ರಹಗಳೂ

ಕೃಷ್ಣೆ ತುಂಗಭದ್ರೆಯರ ನಡುವಣ ಎಡೆದೊರೆ ನಾಡು ಶಾಸನಗಳಿಗೂ ಸಮರಗಳಿಗೂ ಪ್ರಸಿದ್ಧವಾದುದು. ಆದರೆ ಅದರ ನೆಲದ ಗುಣವನ್ನೂ ನೀರಿನ ಗತಿಯನ್ನೂ ಏಕದೃಷ್ಟಿಗೆ ತಂದುಕೊಡಬಲ್ಲ ಸ್ವದೇಶೀಯ ಸಾಧನವು, 1988ನೆಯ ಮಾರ್ಚ್ 17ರಂದು ಸೋವಿಯತ್ ನೆಲದ ಬೈಕನೂರಿನಿಂದ ಐ.ಆರ್.ಎಸ್.-1ಎ ಉಪಗ್ರಹವು ಮೇಲೇರಿದಂದು ಮೊದಲಾಗಿ ನಮಗೆ ಒದಗಿತು. ಅಮೆರಿಕದ ಲ್ಯಾಂಡ್‌ಸ್ಯಾಟ್ 1972ರಲ್ಲಿಯೂ ನಮ್ಮದೇ ಆದ ಪ್ರಾಯೋಗಿಕ ಭಾಸ್ಕರ 1979ರಲ್ಲಿಯೂ ಈ ಹಾದಿಯನ್ನು ತೆರೆದಿದ್ದುವು. ಉಡುಪಿಯ ಬಳಿಯ ಅದಮಾರಿನಲ್ಲಿ ಜನಿಸಿದ ಯು. ಆರ್. ರಾಯರು ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಈ ಉಪಗ್ರಹವು, ಸುಮಾರು 904 ಕಿ.ಮೀ. ಎತ್ತರದಲ್ಲಿ ಸುತ್ತುತ್ತ, 22 ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಹಾದು, ತಾನು ಕಂಡುದನ್ನು ಹೈದರಾಬಾದಿನ ಸಮೀಪದ ಶಾದನಗರದ ಕೇಂದ್ರಕ್ಕೆ ಅರುಹುತ್ತಿದ್ದಿತು.

ಹಸಿರೆಲೆಯು ಕೆಂಬೆಳಕನ್ನು ಹೀರಿಕೊಂಡು, ಕಣ್ಣಿಗೆ ಗೋಚರಿಸದ ಅವಕೆಂಪು ಕಿರಣಗಳನ್ನು ಹೇರಳವಾಗಿ ಹಿಂದಿರುಗಿಸುವುದು. ನೀರಾದರೋ ಅವನ್ನು ಬಹುಮಟ್ಟಿಗೆ ನುಂಗಿಬಿಡುವುದು. ಆದುದರಿಂದ, ಅವಕೆಂಪನ್ನು ಕೆಂಪು ಬಣ್ಣದಿಂದ ಸೂಚಿಸುವ ಉಪಗ್ರಹದ ಚಿತ್ರದಲ್ಲಿ ಮಾನವಿಯ ನೀರಾವರಿ ಬತ್ತವು ಕಡುಗೆಂಪಾಗಿಯೂ ಕೆರೆಗಳು ಕಪ್ಪಾಗಿಯೂ ತೋರುವುವು. ದೇವದುರ್ಗದ ಎರೆ ಹೊಲಗಳು ಮಾತ್ರ ಸುಲಭವಾಗಿ ಅರ್ಥಕ್ಕೆ ಒಗ್ಗುವುವಲ್ಲ. ವಿರಳವಾಗಿ ಎದ್ದ ಹಿಂಗಾರಿ ಜೋಳದ ನಡುವೆ ಕಪ್ಪು ಮಣ್ಣಿನ ಛಾಯೆಯೂ ಬೆರೆತುಹೋಗುವುದರಿಂದ, ಹೊಲದಲ್ಲಿ ನಡೆದು ನೋಡದ ಪಂಡಿತನು ಅಲ್ಲಿ ತಪ್ಪುವುದು ಸಹಜ.

ಈ ಉಪಗ್ರಹಗಳ ಚರಿತ್ರೆಯನ್ನು ಗುಂಟೆಯ ಲೆಕ್ಕದಲ್ಲಿ ಬರೆಯುವುದೇ ನಮ್ಮ ಸೀಮೆಗೆ ಯುಕ್ತವೆಂದು ನನಗೆ ತೋರುತ್ತದೆ. 1ಎ ಉಪಗ್ರಹದ ಒಂದು ಕ್ಯಾಮೆರಾಕ್ಕೆ 72.5 ಮೀಟರಿನ ಚೌಕವೇ ಕನಿಷ್ಠ ಘಟಕ, ಅಂದರೆ ಎಕರೆಗಿಂತ ಮಿಗಿಲಾದ ನೆಲ. ಇನ್ನೊಂದಕ್ಕೆ ಸುಮಾರು 13 ಗುಂಟೆ. 2003ರ ಅಕ್ಟೋಬರ್ 17ರಂದು ಶ್ರೀಹರಿಕೋಟೆಯಿಂದ ಹೊರಟ ರಿಸೋರ್ಸ್‌ಸ್ಯಾಟ್-1ರ ಕ್ಯಾಮೆರಾಗಳಲ್ಲಿ ಒಂದು ಐದೂವರೆ ಗುಂಟೆಯನ್ನೂ, 5.8 ಮೀಟರಿನ ಸೂಕ್ಷ್ಮತೆಯುಳ್ಳ ಮತ್ತೊಂದು ಗುಂಟೆಯ ಮೂರನೆಯ ಒಂದು ಪಾಲನ್ನೂ ಬೇರ್ಪಡಿಸಬಲ್ಲವಾದುವು. ಇಂತಹ ಸೂಕ್ಷ್ಮತೆಯಲ್ಲಿ ಸಣ್ಣ ಹಿಡುವಳಿದಾರನ ಹೊಲವೂ ಗಗನದ ದಾಖಲೆಯಲ್ಲಿ ಸ್ಫುಟವಾಗಿ ಮೂಡುವುದು.

ಅದೇ ಉಪಗ್ರಹದ ಮೂರನೆಯ ಕ್ಯಾಮೆರಾ ಸೂಕ್ಷ್ಮತೆಯಲ್ಲಿ ಮಂದವಾದರೂ 740 ಕಿ.ಮೀ. ಅಗಲವನ್ನು ಒಮ್ಮೆಗೇ ನೋಡುವಂಥದಾಗಿತ್ತು. ನನ್ನ ಮತದಲ್ಲಿ ಎಡೆದೊರೆಗೆ ಇದರ ಉಪಕಾರವೇ ಹಿರಿದು. ತುಂಗಭದ್ರಾ ಎಡದಂಡೆ ಕಾಲುವೆಯು ಮುನಿರಾಬಾದಿನಿಂದ ಗಂಗಾವತಿ, ಸಿಂಧನೂರು, ಮಾನವಿಗಳ ಸೀಮೆಯನ್ನು ಹಾದು ರಾಯಚೂರಿನತ್ತ ಸಾಗುವುದು. ಮಿತನೀರಿನ ಬೆಳೆಗಳನ್ನು ಉದ್ದೇಶಿಸಿದ್ದ ನೆಲದಲ್ಲಿ ಮೇಲ್ಭಾಗದವರು ಬತ್ತವನ್ನು ಹಿಡಿದುದರಿಂದ ಕೆಳಭಾಗದ ರೈತರಿಗೆ ನೀರು ಮುಟ್ಟದೆಂಬ ಕೊರಗು ಬಹುಕಾಲದ್ದು. ಕಾಲುವೆಯ ತಲೆಯನ್ನೂ ಕೊನೆಯನ್ನೂ ಒಂದೇ ದಿನ, ಒಂದೇ ಬೆಳಕಿನಲ್ಲಿ ಹೋಲಿಸಿ ತೋರುವ ಸಾಕ್ಷ್ಯವು ದೊರೆತ ಮೇಲೆ, ಆ ಕೊರಗನ್ನು ಬರಿಯ ಹೇಳಿಕೆಯೆಂದು ತಳ್ಳಿಹಾಕುವುದು ಅನ್ಯಾಯ. ಭದ್ರಾ ಅಚ್ಚುಕಟ್ಟಿನಲ್ಲಿ 1990ರ ದಶಕದಲ್ಲಿಯೇ ಇಂತಹ ಪರಿಶೀಲನೆ ಉಪಗ್ರಹಚಿತ್ರಗಳಿಂದ ನಡೆದಿದೆ.

ಮುಂಗಾರಿನ ಮೋಡಗಳು ಈ ಕ್ಯಾಮೆರಾಗಳಿಗೆ ಅಡ್ಡ ಬರುವುವು. ಬತ್ತದ ನಾಟಿಯ ಕಾಲವೂ ಅದೇ. 2012ರ ಏಪ್ರಿಲ್ 26ರಂದು ಹಾರಿದ ರಿಸ್ಯಾಟ್-1, ತನ್ನದೇ ರೇಡಾರ್ ಅಲೆಗಳನ್ನು ಮೋಡದ ಮೂಲಕ ಕಳುಹಿ, ನಾಟಿಗಾಗಿ ನೀರು ನಿಲ್ಲಿಸಿದ ಗದ್ದೆಗಳನ್ನು ಗುರುತಿಸಲು ಶಕ್ತವಾಯಿತು.