ಶಿಶುಗಳಲ್ಲಿ ಆಮ್ಲ ಹಿಮ್ಮುಖ ಹರಿವಿನ ರೋಗನಿರ್ಣಯ

ಜಠರದಲ್ಲಿರುವ ಹಾಲು ಮತ್ತು ಆಮ್ಲ ಅನ್ನನಾಳಕ್ಕೆ ಮರಳಿ ಬರುವುದನ್ನು ಆಮ್ಲ ಹಿಮ್ಮುಖ ಹರಿವು ಎನ್ನುತ್ತಾರೆ. ಎಳೆಯ ಶಿಶುಗಳಲ್ಲಿ ಇದು ಬಹುಮಟ್ಟಿಗೆ ಸಹಜ ಕ್ರಿಯೆ. ಆಡುಮಾತಿನಲ್ಲಿ ಇದಕ್ಕೆ 'ಹಾಲು ಕಕ್ಕುವುದು' ಎಂಬ ಹೆಸರಿದೆ. ಬೆಳವಣಿಗೆಗೆ ಅಡ್ಡಿಯಾದಾಗ ಅಥವಾ ಇತರ ತೊಂದರೆಗಳನ್ನು ಉಂಟುಮಾಡಿದಾಗ ಮಾತ್ರ ಇದನ್ನು ರೋಗವೆಂದು ಪರಿಗಣಿಸಲಾಗುತ್ತದೆ. ಈ ಎರಡು ಸ್ಥಿತಿಗಳನ್ನು ಬೇರ್ಪಡಿಸುವುದು ಮತ್ತು ವಾಂತಿಗೆ ಕಾರಣವಾಗುವ ಇತರ ಕಾಯಿಲೆಗಳನ್ನು ಗುರುತಿಸುವುದು ರೋಗನಿರ್ಣಯದ ಉದ್ದೇಶ.

ಸಹಜ ಸ್ವರೂಪ

ಅನ್ನನಾಳದ ಕೆಳತುದಿಯ ಸ್ನಾಯು ಆಗಾಗ ಸಡಿಲಗೊಳ್ಳುವುದು, ದ್ರವ ಆಹಾರ ಮತ್ತು ಸದಾ ಮಲಗಿರುವ ಭಂಗಿ ಇದಕ್ಕೆ ಕಾರಣಗಳು. ಸಾಮಾನ್ಯವಾಗಿ 8 ವಾರಗಳೊಳಗೆ ಆರಂಭವಾಗಿ, ಸುಮಾರು 4ನೇ ತಿಂಗಳಲ್ಲಿ ಹೆಚ್ಚಾಗಿ, ಬಹುತೇಕ ಶಿಶುಗಳಲ್ಲಿ ವರ್ಷ ತುಂಬುವ ಹೊತ್ತಿಗೆ ತಾನಾಗಿಯೇ ನಿಲ್ಲುತ್ತದೆ.

ವಿಚಾರಣೆ ಮತ್ತು ತಪಾಸಣೆ

ಹೆಚ್ಚಿನ ಶಿಶುಗಳಿಗೆ ಯಾವುದೇ ಪರೀಕ್ಷೆ ಬೇಕಾಗುವುದಿಲ್ಲ. ಹಾಲುಣಿಸುವ ಕ್ರಮ ಮತ್ತು ಪ್ರಮಾಣ, ಕಕ್ಕುವ ಸಮಯ, ಅದರ ಬಣ್ಣ, ಅಳು, ಕೆಮ್ಮು, ಹಾಲು ನಿರಾಕರಣೆ ಮುಂತಾದವುಗಳನ್ನು ವೈದ್ಯರು ವಿಚಾರಿಸುತ್ತಾರೆ. ಅಳು ಅಥವಾ ಬೆನ್ನು ಹಿಂದಕ್ಕೆ ಬಾಗಿಸುವುದು ಮಾತ್ರವೇ ಆಮ್ಲದ ತೊಂದರೆಗೆ ಪುರಾವೆಯಲ್ಲ.

ತೂಕ ಮುಖ್ಯ ಆಧಾರ. ಮೊದಲ ಮೂರು ತಿಂಗಳಲ್ಲಿ ಶಿಶುವಿನ ತೂಕ ದಿನಕ್ಕೆ ಸರಾಸರಿ 25–30 ಗ್ರಾಂ ಹೆಚ್ಚುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ-ಮಗುವನ್ನು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನಗಳಂದು ಮನೆಯಲ್ಲಿ ಭೇಟಿಯಾಗುತ್ತಾರೆ. ಸಾಗರ ತಾಲ್ಲೂಕಿನ ಹೊನ್ನೆಮರಡುವಿನಂತಹ ಶರಾವತಿ ಹಿನ್ನೀರಿನ ಊರುಗಳಲ್ಲಿ ಈ ಭೇಟಿಗಳ ತೂಕದ ದಾಖಲೆ ವೈದ್ಯರಿಗೆ ವಿಶೇಷವಾಗಿ ನೆರವಾಗುತ್ತದೆ.

ಅಪಾಯ ಸೂಚನೆಗಳು

* ಹಸಿರು ಬಣ್ಣದ ವಾಂತಿ: ಕರುಳು ತಿರುಚಿಕೊಂಡಿರುವ ಅಥವಾ ಕರುಳಿನಲ್ಲಿ ತಡೆಯುಂಟಾಗಿರುವ ಸಾಧ್ಯತೆ
* ಸಾಮಾನ್ಯವಾಗಿ 2ರಿಂದ 8 ವಾರಗಳ ವಯಸ್ಸಿನಲ್ಲಿ ರಭಸವಾಗಿ ದೂರಕ್ಕೆ ಚಿಮ್ಮುವ ವಾಂತಿ: ಜಠರದ ಹೊರದ್ವಾರ ಕಿರಿದಾಗಿರುವ ಸಾಧ್ಯತೆ
* ವಾಂತಿ ಅಥವಾ ಮಲದಲ್ಲಿ ರಕ್ತ
* ಜ್ವರ, ಮಂಕು, ಉಬ್ಬಿದ ನೆತ್ತಿ ಅಥವಾ ಹೊಟ್ಟೆಯುಬ್ಬರ
* ತೂಕ ಹೆಚ್ಚದಿರುವುದು. 6 ತಿಂಗಳ ನಂತರ ಹೊಸದಾಗಿ ಆರಂಭವಾದ ವಾಂತಿ

ಹಸಿರು ವಾಂತಿ ತುರ್ತುಸ್ಥಿತಿ. ಕರುಳು ತಿರುಚಿದ್ದರೆ ಕೆಲವೇ ಗಂಟೆಗಳಲ್ಲಿ ಅದರ ರಕ್ತಸಂಚಾರ ನಿಲ್ಲಬಹುದಾದ್ದರಿಂದ, ಬೆಳಗಾಗಲೆಂದು ಕಾಯದೆ ಶಿಶುವನ್ನು ಆಸ್ಪತ್ರೆಗೆ ಒಯ್ಯಬೇಕು.

ಪರೀಕ್ಷೆಗಳು

ಜಠರದ್ವಾರದ ಸ್ನಾಯು ದಪ್ಪವಾಗಿದೆಯೇ ಎಂಬುದನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ. ಬೇರಿಯಂ ಎಕ್ಸ್-ರೇ ರಚನೆಯ ದೋಷಗಳನ್ನು ಪತ್ತೆಹಚ್ಚಲು ಉಪಯುಕ್ತ. ಹಿಮ್ಮುಖ ಹರಿವನ್ನು ದೃಢಪಡಿಸಲು ಅಲ್ಲ. ಮೂಗಿನ ಮೂಲಕ ತೆಳುವಾದ ನಳಿಕೆ ಇರಿಸಿ 24 ಗಂಟೆ ನಡೆಸುವ ಪಿಎಚ್-ಇಂಪೆಡೆನ್ಸ್ ಪರೀಕ್ಷೆ ಹರಿವಿಗೂ ಲಕ್ಷಣಗಳಿಗೂ ಇರುವ ಸಂಬಂಧವನ್ನು ಅಳೆಯುತ್ತದೆ. ಅನ್ನನಾಳದ ಉರಿಯೂತದ ಅನುಮಾನವಿದ್ದರೆ ಎಂಡೋಸ್ಕೋಪಿ ಮಾಡಲಾಗುತ್ತದೆ.

ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿ ಇಂತಹದೇ ಲಕ್ಷಣಗಳನ್ನು ತೋರಬಹುದು. ಆಗ ವೈದ್ಯರ ಸಲಹೆಯಂತೆ ಸ್ತನ್ಯಪಾನ ಮಾಡಿಸುವ ತಾಯಿ 2ರಿಂದ 4 ವಾರ ಹಾಲಿನ ಪದಾರ್ಥಗಳನ್ನು ಬಿಟ್ಟು, ಶಿಶುವಿನಲ್ಲಾಗುವ ಬದಲಾವಣೆಯನ್ನು ಗಮನಿಸಬಹುದು, ಸ್ತನ್ಯಪಾನ ನಿಲ್ಲಿಸಬೇಕಾಗಿಲ್ಲ. ಶಿಶುಗಳಲ್ಲಿ ರೋಗವನ್ನು ದೃಢಪಡಿಸಿಕೊಳ್ಳಲೆಂದೇ ಆಮ್ಲನಿರೋಧಕ ಔಷಧವನ್ನು ಪ್ರಯೋಗಿಸುವುದನ್ನು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ.