ಡೀಸೆಲ್ಲಿಗೂ ಒಗ್ಗರಣೆ ಬೇಕೆ?

ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಉದ್ಯೋಗದಿಂದ ನಿವೃತ್ತರಾದ ಅನೇಕ ದಂಪತಿಗಳು ಮನೆಯನ್ನೇ ಚಕ್ರಗಳ ಮೇಲೆ ಏರಿಸಿಕೊಂಡು ದೇಶ ಸುತ್ತಲು ಹೊರಡುತ್ತಾರೆ. ಮಂಚ, ಅಡಿಗೆಯ ಒಲೆ, ಸ್ನಾನದ ಕೊಠಡಿ ಎಲ್ಲವನ್ನೂ ಒಳಗೊಂಡ ಈ ವಾಹನಕ್ಕೆ ಅಲ್ಲಿ ಮೋಟಾರ್‌ಹೋಮ್ ಎಂದು ಹೆಸರು. ದೊಡ್ಡವುಗಳನ್ನು ಓಡಿಸುವುದು ನಮ್ಮ ಬಸ್ಸು ಲಾರಿಗಳಲ್ಲಿರುವಂಥದೇ ಡೀಸೆಲ್ ಎಂಜಿನ್ನು. ಈ ಮನೆಗಳ ಯಜಮಾನರಲ್ಲಿ ಹಲವರಿಗೆ ಒಂದು ಆಚಾರವುಂಟು. ಟ್ಯಾಂಕಿಗೆ ಎಣ್ಣೆ ತುಂಬಿಸುವಾಗಲೆಲ್ಲ ಸಣ್ಣದೊಂದು ಸೀಸೆಯಿಂದ ಅಳತೆಯಾಗಿ ಏನನ್ನೋ ಸುರಿಯುತ್ತಾರೆ. ಎಂಜಿನ್ನಿನ ಆಯುಸ್ಸು ಹೆಚ್ಚಲೆಂದು!

ಈ ಸಂಗತಿಯನ್ನು ಓದಿದಾಗ ನನ್ನ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಸರಳವಾದದ್ದು. ದೊಡ್ಡ ದೊಡ್ಡ ಕಾರ್ಖಾನೆಗಳಲ್ಲಿ ಶುದ್ಧಿ ಮಾಡಿ ಕಳಿಸಿದ ಎಣ್ಣೆಗೆ ಅಂಗಡಿಯ ಸೀಸೆಯ ಮದ್ದು ಏಕೆ ಬೇಕು? ನಾನು ಯಂತ್ರಶಾಸ್ತ್ರಜ್ಞನಲ್ಲ, ಹಳೆಯ ಕಥೆಗಳನ್ನು ಹುಡುಕುವ ಚಪಲದವನು. ಹುಡುಕುತ್ತ ಹೋದಂತೆ, ಆ ಸೀಸೆಯೊಳಗೆ ನೂರು ವರ್ಷಕ್ಕೂ ಮೀರಿದ ಇತಿಹಾಸ ಅಡಗಿರುವುದು ಕಂಡಿತು.

ಈ ಎಂಜಿನ್ನಿನ ಜನಕ ರುಡಾಲ್ಫ್ ಡೀಸೆಲ್. 1858ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಜರ್ಮನ್ ಮನೆತನದ ಮಗ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಆ ಕಾವಿನಲ್ಲಿ ಎಣ್ಣೆಯನ್ನು ಚಿಮ್ಮಿಸಿದರೆ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಆತನ ಯಂತ್ರದ ಮರ್ಮ ಇಷ್ಟೆ. 1893ರಲ್ಲಿ ಆತನಿಗೆ ಪೇಟೆಂಟು ದೊರೆಯಿತು. ಅದೇ ವರ್ಷ ಆಗ್ಸ್‌ಬರ್ಗ್ ನಗರದ ಕಾರ್ಖಾನೆಯಲ್ಲಿ ಮೊದಲ ಪ್ರಯೋಗಗಳು ನಡೆದವು. 1897ರ ಫೆಬ್ರವರಿಯ ಪರೀಕ್ಷೆಯಲ್ಲಿ, ಎಣ್ಣೆಯ ಶಕ್ತಿಯಲ್ಲಿ ಶೇಕಡಾ 26ರಷ್ಟನ್ನು ಈ ಯಂತ್ರ ಕೆಲಸಕ್ಕೆ ತಿರುಗಿಸಿಕೊಂಡಿತು. ಅಂದಿನ ಸಾಮಾನ್ಯ ಉಗಿಯಂತ್ರಗಳು ಅದರ ಅರ್ಧವನ್ನೂ ಮುಟ್ಟುತ್ತಿರಲಿಲ್ಲ.

1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಇನ್ನೊಂದು ಸೋಜಿಗ ನಡೆಯಿತು. ಅಲ್ಲಿದ್ದ ಒಂದು ಪುಟ್ಟ ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿದರು. ಆಫ್ರಿಕದ ತನ್ನ ವಸಾಹತುಗಳಲ್ಲಿ ಬೆಳೆಯುವ ಎಣ್ಣೆಯಿಂದ ಶಕ್ತಿ ದೊರೆತೀತೇ ಎಂಬುದು ಫ್ರೆಂಚ್ ಸರ್ಕಾರದ ಕುತೂಹಲವಾಗಿತ್ತು. ಯಂತ್ರದಲ್ಲಿ ಏನನ್ನೂ ಬದಲಿಸಬೇಕಾಗಲಿಲ್ಲ. ಈ ಕಡಲೆಕಾಯಿ ಎಣ್ಣೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದ ಕೆಲಸವಿದೆ. ಡೀಸೆಲ್ ಮಹಾಶಯ ಮಾತ್ರ 1913ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಣ್ಮರೆಯಾಗಿ, ಸಮುದ್ರದ ಪಾಲಾದ.

ಆರಂಭದ ಡೀಸೆಲ್ ಯಂತ್ರಗಳು ಕಾರ್ಖಾನೆ ಹಡಗುಗಳಲ್ಲಿ ಕುಳಿತ ಗಜಗಾತ್ರದವು, ಸಾವಧಾನವಾಗಿ ತಿರುಗುವಂಥವು. ಎಂಥ ಎಣ್ಣೆ ಕೊಟ್ಟರೂ ಜೀರ್ಣಿಸಿಕೊಳ್ಳುತ್ತಿದ್ದವು. 1920ರ ದಶಕದಲ್ಲಿ ಅವು ಲಾರಿಗಳನ್ನೇರಿದವು. 1927ರಲ್ಲಿ ರಾಬರ್ಟ್ ಬಾಷನ ಸಂಸ್ಥೆ ಎಣ್ಣೆ ಚಿಮ್ಮಿಸುವ ಪಂಪನ್ನು ಸಂಖ್ಯೆಯಲ್ಲಿ ತಯಾರಿಸತೊಡಗಿತು. ವೇಗ ಹೆಚ್ಚಿತು. ಎಣ್ಣೆ ಹೊತ್ತಿಕೊಳ್ಳಲು ಕಣ್ಣುರೆಪ್ಪೆ ಬಡಿಯುವಷ್ಟು ಸಮಯವೂ ಉಳಿಯಲಿಲ್ಲ. ತಡವಾಗಿ ಹೊತ್ತಿಕೊಳ್ಳುವ ಎಣ್ಣೆ ಎಂಜಿನ್ನನ್ನು ಸುತ್ತಿಗೆಯಂತೆ ಬಡಿಯತೊಡಗಿತು.

ಎಣ್ಣೆಯ ಈ ಗುಣವನ್ನು ಅಳೆಯುವುದು ಹೇಗೆ? ಹಾಲೆಂಡಿನ ಡೆಲ್ಫ್ಟ್ ನಗರದ ಪ್ರಯೋಗಶಾಲೆಯಲ್ಲಿ ಬೂರ್ಲಾಗೆ ಮತ್ತು ಬ್ರೂಜೆ ಎಂಬ ಇಬ್ಬರು 1930ರ ದಶಕದ ಆರಂಭದಲ್ಲಿ ತೋರಿಸಿದ ದಾರಿಯಿಂದ ಇಂದಿನ ‘ಸೀಟೇನ್ ಸಂಖ್ಯೆ’ ಬೆಳೆದುಬಂದಿತು. ಈ ಹೆಸರಿನ ಮೂಲ ತಿಮಿಂಗಿಲವೆಂದರೆ ವಾಚಕರು ನಕ್ಕಾರು. ತಿಮಿಂಗಿಲದ ತಲೆಯ ಮೇಣದಿಂದ ತೆಗೆದ ವಸ್ತುವಿಗೆ, ಲ್ಯಾಟಿನ್ನಿನಲ್ಲಿ ಆ ಪ್ರಾಣಿಗಿರುವ ಹೆಸರನ್ನೇ ಇಟ್ಟರು. ಅದರ ಬಂಧುವೇ ಸೀಟೇನ್. ತಟ್ಟನೆ ಹೊತ್ತಿಕೊಳ್ಳುವ ಅದಕ್ಕೆ ನೂರು ಅಂಕ. ಉಳಿದ ಎಣ್ಣೆಗಳ ಯೋಗ್ಯತೆಯನ್ನು ಅದಕ್ಕೆ ಹೋಲಿಸಿ ಹೇಳುತ್ತಾರೆ. ಅಂಕ ಕಡಿಮೆಯಾದ ಎಣ್ಣೆಗೆ ನೈಟ್ರೇಟ್ ಜಾತಿಯ ದ್ರವವನ್ನು ತುಸುವೇ ಬೆರೆಸಿದರೆ ಬೇಗ ಹೊತ್ತಿಕೊಳ್ಳುತ್ತದೆ. ಇದು ಡೀಸೆಲ್ಲಿನ ಮೊದಲ ಒಗ್ಗರಣೆ.

ಎರಡನೆಯದನ್ನು ಕಲಿಸಿದ್ದು ಚಳಿ. ಡೀಸೆಲ್ಲಿನಲ್ಲಿ ಸಹಜವಾಗಿಯೇ ಮೇಣವಿರುತ್ತದೆ. ಮಾಗಿಯ ಬೆಳಗ್ಗೆ ನಮ್ಮ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಗಟ್ಟಿಯಾಗುವುದಿಲ್ಲವೆ? ಹಿಮದ ನಾಡುಗಳಲ್ಲಿ ಡೀಸೆಲ್ಲಿಗೂ ಅದೇ ಗತಿ. ಮೇಣದ ಹರಳು ಫಿಲ್ಟರನ್ನು ಕಟ್ಟಿ ಎಂಜಿನ್ ನಿಂತುಹೋಗುತ್ತದೆ. ಹಿಂದೆ ಸೀಮೆಎಣ್ಣೆ ಬೆರೆಸಿ ತೆಳುವು ಮಾಡುತ್ತಿದ್ದರು. ಆಮೇಲೆ, ಹರಳುಗಳನ್ನು ದೊಡ್ಡದಾಗಿ ಬೆಳೆಯಗೊಡದ ರಾಸಾಯನಿಕಗಳು ಬಂದವು. ಇವು ಮೇಣವನ್ನು ತೆಗೆಯುವುದಿಲ್ಲ. ಫಿಲ್ಟರಿನಲ್ಲಿ ನುಸುಳುವಷ್ಟು ಸಣ್ಣದಾಗಿ ಇಡುತ್ತವೆ. ಗಟ್ಟಿಯಾದ ಮೇಲೆ ಸುರಿದರೆ ಪ್ರಯೋಜನವಿಲ್ಲ, ಮೊದಲೇ ಬೆರೆಸಬೇಕು.

ಮೂರನೆಯ ಅಧ್ಯಾಯವೇ ನನ್ನನ್ನು ಹೆಚ್ಚಾಗಿ ಯೋಚನೆಗೆ ಹಚ್ಚಿದ್ದು. ಡೀಸೆಲ್ಲಿನಲ್ಲಿ ಗಂಧಕವಿರುತ್ತದೆ. ಅದು ಉರಿದಾಗ ಬರುವ ಅನಿಲ ಶ್ವಾಸಕೋಶಕ್ಕೆ ಕೇಡು. ಹೊಗೆಯನ್ನು ತಿಳಿಗೊಳಿಸುವ ಸಾಧನಗಳಿಗೂ ಅದು ವಿಷ. ಗಂಧಕವನ್ನು ತೆಗೆದಲ್ಲದೆ ಹೊಗೆ ಶುದ್ಧವಾಗದು. 1990ರ ದಶಕದ ಆರಂಭದಲ್ಲಿ ಸ್ವೀಡನ್ ದೇಶ ಮುಂದಾಗಿ, ಹತ್ತು ಲಕ್ಷ ಪಾಲಿನಲ್ಲಿ ಗಂಧಕ 10 ಪಾಲಿಗೆ ಮೀರದ ಎಣ್ಣೆಯನ್ನು ಮಾರಾಟಕ್ಕೆ ತಂದಿತು. ಗಾಳಿ ತಿಳಿಯಾಯಿತು, ನಿಜ. ಆದರೆ ಗಾಡಿಗಳ ಪಂಪುಗಳು ಒಂದರ ಹಿಂದೊಂದು ಸವೆದು ಕೆಡತೊಡಗಿದವು!

ಕಾರಣ ಸೂಕ್ಷ್ಮವಾದದ್ದು. ಅನೇಕ ಡೀಸೆಲ್ ಪಂಪುಗಳಲ್ಲಿ ಉಜ್ಜಾಡುವ ಭಾಗಗಳಿಗೆ ಬೇರೆ ಕೀಲೆಣ್ಣೆಯಿಲ್ಲ. ಹಾದುಹೋಗುವ ಡೀಸೆಲ್ಲೇ ಕೀಲೆಣ್ಣೆ. ಜಾರುವ ಗುಣ ಕೊಡುತ್ತಿದ್ದುದು ಗಂಧಕವಲ್ಲ. ಎಣ್ಣೆಯಲ್ಲಿ ಅಲ್ಪಸ್ವಲ್ಪ ಇದ್ದ ಬೇರೆ ಸಹಜ ವಸ್ತುಗಳು. ಜಲಜನಕ ಹಾಯಿಸಿ ಗಂಧಕವನ್ನು ಹೊರಗಟ್ಟುವಾಗ ಅವೂ ಹೊರಟುಹೋದವು. ಕಳೆ ಕೀಳಲು ಹೋದವನ ಕೈಗೆ ಪೈರೂ ಕಿತ್ತು ಬಂದಂತಾಯಿತು.

ಆಗ ಹುಟ್ಟಿದ್ದು ಸವೆತದ ಪರೀಕ್ಷೆ. 60 ಡಿಗ್ರಿ ಕಾವಿನ ಎಣ್ಣೆಯಲ್ಲಿ ಪುಟ್ಟ ಉಕ್ಕಿನ ಗುಂಡನ್ನು ಒಂದು ಬಿಲ್ಲೆಯ ಮೇಲೆ 75 ನಿಮಿಷ ಉಜ್ಜಿ, ಗುಂಡಿನ ಮೇಲೆ ಬಿದ್ದ ಗಾಯದ ಅಗಲವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಯೂರೋಪು ಮತ್ತು ಭಾರತದ ನಿಯಮದಲ್ಲಿ ಗಾಯ 460 ಮೈಕ್ರಾನು ಮೀರಕೂಡದು. ಅಮೆರಿಕದಲ್ಲಿ 520ರ ವರೆಗೆ ಸೈರಿಸುತ್ತಾರೆ. ಸೀಟೇನ್ ಅಂಕವೂ ಅಲ್ಲಿ ಕನಿಷ್ಠ 40; ಯೂರೋಪಿನಲ್ಲೂ ನಮ್ಮಲ್ಲೂ 51. ಸೀಸೆಯ ಆಚಾರ ಅಮೆರಿಕದ ಮೋಟಾರ್‌ಹೋಮಿನವರಲ್ಲಿ ಬೇರೂರಿರುವುದಕ್ಕೆ ಒಂದು ಕಾರಣ ಇಲ್ಲಿಯೇ ಇರಬಹುದೆಂದು ನನಗೆ ತೋರುತ್ತದೆ. ಈಚಿನ ಎಂಜಿನ್ನುಗಳಲ್ಲಿ ಎಣ್ಣೆಯ ಒತ್ತಡ 2000 ಬಾರ್ ಮೀರುವುದುಂಟು. ಕಾರಿನ ಟೈರಿನೊಳಗಿನ ಒತ್ತಡಕ್ಕೆ ಹೋಲಿಸಿದರೆ ಸುಮಾರು ಸಾವಿರ ಪಟ್ಟು. ಅಲ್ಲಿ ಕೂದಲೆಳೆಯ ಸವೆತವೂ ದುಬಾರಿಯೇ.

ನಮ್ಮ ದೇಶವೂ ಇದೇ ದಾರಿಯಲ್ಲಿ ನಡೆದುಬಂದಿದೆ. ಭಾರತ್ ಸ್ಟೇಜ್ ಎರಡರಲ್ಲಿ 500, ಮೂರರಲ್ಲಿ 350, ನಾಲ್ಕರಲ್ಲಿ 50 ಪಾಲು ಗಂಧಕವಿದ್ದ ಡೀಸೆಲ್, 2020ರ ಏಪ್ರಿಲ್ 1ರಿಂದ ಸ್ಟೇಜ್ ಆರರಲ್ಲಿ 10 ಪಾಲಿಗೆ ಇಳಿಯಿತು. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲಿಯೇ ಸಾರಿತ್ತು. ಆದ್ದರಿಂದ ಪಂಪು ಸವೆಯುವುದೆಂದು ಗಂಧಕವನ್ನು ಮರಳಿ ಬಯಸುವುದು ಸಲ್ಲದು. ಕಳೆದುಹೋದ ಜಾರುಗುಣವನ್ನು ಬೇರೆ ದಾರಿಯಿಂದ ತರಬೇಕು.

ಆ ದಾರಿ ಯಾವುದು? ಇಲ್ಲಿ ಕಡಲೆಕಾಯಿ ಎಣ್ಣೆಯ ನೆನಪಾಗಲಿ. ಸಸ್ಯದ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ಲನ್ನು ಶೇಕಡಾ ಒಂದೆರಡರಷ್ಟು ಬೆರೆಸಿದರೆ ಸಾಕು, ಜಾರುಗುಣ ಮರಳುತ್ತದೆ! ನಮ್ಮ ಹಳ್ಳಿಗಳಲ್ಲಿ ದೀಪಕ್ಕೆ ಉರಿಸುತ್ತಿದ್ದ ಹೊಂಗೆ ಎಣ್ಣೆಯೂ ಇದೇ ವಂಶದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದ್ದರು. 1900ರಲ್ಲಿ ಪ್ರದರ್ಶನದ ಸೋಜಿಗವಾಗಿದ್ದುದು ನೂರು ವರ್ಷದ ಮೇಲೆ ಔಷಧವಾಗಿ ಬಂದಿದೆ.

ಮೋಟಾರ್‌ಹೋಮಿಗೆ ಮಾತ್ರ ಇನ್ನೊಂದು ವಿಶೇಷ ಕಾಯಿಲೆಯಿದೆ. ನಮ್ಮ ಬಸ್ಸಿಗೆ ವಿರಾಮವಿಲ್ಲ. ಮೋಟಾರ್‌ಹೋಮ್ ವರ್ಷದಲ್ಲಿ ಅರ್ಧ ಕಾಲ ನಿಂತೇ ಇರುವುದುಂಟು. ಅರ್ಧ ತುಂಬಿದ ಟ್ಯಾಂಕಿನ ಗಾಳಿಯ ತೇವ ಹನಿಯಾಗಿ ತಳ ಸೇರುತ್ತದೆ. ನೀರು ಮತ್ತು ಎಣ್ಣೆ ಕೂಡುವ ಗಡಿಯಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಗಳು ಬೆಳೆದು ಲೋಳೆಯಾಗಿ ಫಿಲ್ಟರನ್ನು ಕಟ್ಟುತ್ತವೆ. ಇದಕ್ಕೂ ಸೀಸೆಯಲ್ಲಿ ಮದ್ದುಂಟು. ಆದರೆ ಮದ್ದಿಗಿಂತ ಪಥ್ಯ ಮೇಲು: ನಿಲ್ಲಿಸುವ ಮುನ್ನ ಟ್ಯಾಂಕು ತುಂಬಿಸುವುದು, ಫಿಲ್ಟರಿನ ತಳದ ನೀರನ್ನು ಆಗಾಗ ಬಸಿಯುವುದು. ಬಯೋಡೀಸೆಲ್ ತೇವವನ್ನು ಹೆಚ್ಚಾಗಿ ಹೀರುವುದರಿಂದ, ಅದು ಬೆರೆತಲ್ಲಿ ಈ ಎಚ್ಚರ ಇನ್ನೂ ಅಗತ್ಯ.

ಹಾಗಾದರೆ ಸೀಸೆ ಬೇಕೋ ಬೇಡವೋ? ನಿಯಮಕ್ಕೆ ಒಪ್ಪುವ ಡೀಸೆಲ್ ಕೊಳ್ಳುವವನಿಗೆ, ಬೇಕಾದ ಒಗ್ಗರಣೆ ಬಂಕಿಗೆ ಬರುವ ಮೊದಲೇ ಬಿದ್ದಿರುತ್ತದೆ. ಕೊರತೆ ಯಾವುದೆಂದು ತಿಳಿದವನಿಗೆ ಮಾತ್ರ ಸೀಸೆ ಉಪಕಾರಿ. ಹಿಮದ ನಾಡಿಗೆ ಹೊರಟವನಿಗೆ ಒಂದು, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವನಿಗೆ ಇನ್ನೊಂದು. ಎಂಜಿನ್ ತಯಾರಿಸಿದವರ ಕೈಪಿಡಿ ನೋಡದೆ ಸುರಿಯುವುದು, ವೈದ್ಯನಿಲ್ಲದೆ ಗುಳಿಗೆ ನುಂಗಿದಂತೆ. ಲಾಭದಾಸೆಗೆ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವ ನಮ್ಮ ಕೆಲವು ಮಹನೀಯರ ಕೈಚಳಕವಂತೂ ಜಾರುಗುಣವನ್ನೇ ಕೊಲ್ಲುತ್ತದೆ. ಅಂಥ ಎಣ್ಣೆಯ ಪಾಪವನ್ನು ಯಾವ ಸೀಸೆಯೂ ತೊಳೆಯಲಾರದು.

ಪ್ರತಿಯೊಂದು ಒಗ್ಗರಣೆಯೂ ಒಂದು ನಿಜವಾದ ಕಷ್ಟದಿಂದ ಹುಟ್ಟಿತು. ಕಷ್ಟವನ್ನು ಮರೆತು ಸೀಸೆಯನ್ನಷ್ಟೇ ನೆನಪಿಟ್ಟುಕೊಂಡಾಗ ಮದ್ದು ಮೂಢನಂಬಿಕೆಯಾಗುತ್ತದೆ. ನಮ್ಮ ಉಸಿರಿಗೆ ತಿಳಿಗಾಳಿಯೂ ಬೇಕು, ಯಂತ್ರದ ಕೀಲಿಗೆ ನುಣುಪೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಡದೆ ಎರಡನ್ನೂ ಉಳಿಸಿಕೊಳ್ಳುವ ಜಾಣ್ಮೆಯೇ ಈ ಚರಿತ್ರೆ ನಮಗೆ ಹೇಳುವ ಪಾಠ.